ಮಂದೆಯ ಜೊತೆ ಹೋದ ರಸ್ಕು

ಮೂವತ್ತೊಂದು ವರ್ಷ ನಾನು ಬಸ್ಸಿನಲ್ಲಿ ಜನರ ಟಿಕೆಟ್ ಕೇಳಿದವನು. ಚೆಕಿಂಗ್ ಇನ್ಸ್‌ಪೆಕ್ಟರ್ ಜಂಬಣ್ಣ ಹತ್ತಿದ ಅಂದರೆ ಚಿತ್ರದುರ್ಗದಿಂದ ಹಿರಿಯೂರಿನವರೆಗೆ ಯಾವ ಕಂಡಕ್ಟರನಿಗೂ ನಗು ಬರುತ್ತಿರಲಿಲ್ಲ. ನಿವೃತ್ತನಾಗಿ ನಾಲ್ಕು ವರ್ಷವಾಯಿತು, ಆದರೂ ಒಂದು ಚಾಳಿ ಹೋಗಿಲ್ಲ. ಯಾರನ್ನು ಕಂಡರೂ ಇವರ ಹತ್ತಿರ ಟಿಕೆಟ್ ಇದೆಯೋ ಇಲ್ಲವೋ ಎಂದೇ ಮೊದಲು ನೋಡುತ್ತೇನೆ. ಇದನ್ನು ನನ್ನ ಹೆಂಡತಿ ಭಾಗ್ಯ ರೋಗ ಅನ್ನುತ್ತಾಳೆ, ನಾನು ಅನುಭವ ಅನ್ನುತ್ತೇನೆ.

ಶಿವರಾತ್ರಿ ಕಳೆದ ವಾರ ಅವಳು ಕೇಳಿದಳು, "ಈ ನಾಲ್ಕು ತಾಲೂಕಿನಾಗೆ ಸಾವಿರ ಸಲ ಓಡಾಡಿದೀರಿ. ನನ್ನ ಒಂದಿನಾನಾದ್ರೂ ಕರ್ಕಂಡು ಹೋಗಿದೀರಾ?" ಮಗನ ಹಳೇ ಕಾರು ಮನೆ ಮುಂದೆ ನಿಂತು ಧೂಳು ತಿನ್ನುತ್ತಿತ್ತು. ಮಾರನೇ ದಿನ ಬೆಳಗ್ಗೆ ಆರಕ್ಕೇ ಹೊರಟೆವು. ಹೊಳಲ್ಕೆರೆಯಲ್ಲಿ ಬಯಲು ಗಣಪನಿಗೆ ಕೈಮುಗಿಯುವುದು, ಹೊಸದುರ್ಗದ ಮೇಲೆ ಹಿರಿಯೂರಿಗೆ ಹೋಗಿ ವಾಣಿವಿಲಾಸ ಸಾಗರದ ಏರಿಯ ಮೇಲೆ ಬುತ್ತಿ ಬಿಚ್ಚುವುದು, ಹೈವೇ ಹಿಡಿದು ಸಂಜೆಗೆ ದುರ್ಗ ಸೇರುವುದು. ಟೈಮ್ ಟೇಬಲ್ ನಾನೇ ಹಾಕಿದ್ದೆ. ಅದು ಹೊಸದುರ್ಗದವರೆಗೆ ಮಾತ್ರ ನಡೆಯಿತು.

ಭಾಗ್ಯಳಿಗೆ ಬೇಕರಿ ಕಂಡರೆ ಕಾರು ನಿಲ್ಲಲೇಬೇಕು. ಹೊಳಲ್ಕೆರೆಯಲ್ಲಿ ಆಗಲೇ ಒಂದು ಪೊಟ್ಟಣ ಖಾರ ಬಿಸ್ಕತ್ತು ತೊಡೆಯ ಮೇಲೆ ಬಂದು ಕೂತಿತ್ತು. ಹೊಸದುರ್ಗದ ಪೇಟೆ ದಾಟುವಾಗ, "ರೀ, ಅಲ್ಲಿ" ಎಂದಳು. ನಾನು ಬ್ರೇಕ್ ಒತ್ತಿದ್ದು ಅವಳ ಮಾತಿಗಲ್ಲ, ಅಂಗಡಿಯ ಬೋರ್ಡಿಗೆ. ನಾನು ಓಡಾಡಿದ ರೂಟುಗಳಲ್ಲೆಲ್ಲ ಬೇಕರಿ ಅಂದರೆ ಅಯ್ಯಂಗಾರ್ ಬೇಕರಿ. ಯಜಮಾನ ಯಾವ ಜಾತಿಯವನಾದರೂ, ಯಾವ ಊರಿನವನಾದರೂ ಬೋರ್ಡು ಅದೇ. ಇಲ್ಲಿ ಕೆಂಪು ಅಕ್ಷರದಲ್ಲಿ "ಜಯಶೀಲಾ ಬೇಕರಿ" ಎಂದಿತ್ತು. ಅದರ ಕೆಳಗೆ ಸಣ್ಣದಾಗಿ, "ಮಾಲೀಕರು: ಜಯಶೀಲಾ ರಂಗಯ್ಯ, ಮಾಡದಕೆರೆ." ಬೇರೆ ಯಾರ ಹೆಸರನ್ನೂ ಎರವಲು ಪಡೆಯದ ಬೇಕರಿಯನ್ನು ನಾನು ನೋಡಿದ್ದು ಅದೇ ಮೊದಲು.

ಅಂಗಡಿಯ ಪಕ್ಕದ ಸಂದಿಯಲ್ಲಿ ತೆಂಗಿನ ಚಿಪ್ಪಿನ ರಾಶಿ ಆಳೆತ್ತರ ಬಿದ್ದಿತ್ತು. ಭಟ್ಟಿ ಉರಿಯುತ್ತಿದ್ದದ್ದು ಅದರಿಂದಲೇ ಎಂದು ವಾಸನೆ ಹೇಳುತ್ತಿತ್ತು. ಗಾಜಿನ ಬೀರುವಿನಲ್ಲಿ ಬನ್ನು, ದಿಲ್‌ಪಸಂದ್, ಬೆಣ್ಣೆ ಬಿಸ್ಕತ್ತು ಎಲ್ಲ ಒಪ್ಪವಾಗಿ ಜೋಡಿಸಿದ್ದವು. ಭಾಗ್ಯ ಅವುಗಳ ವಿಚಾರಣೆಗೆ ನಿಂತಳು. ನನ್ನ ಕಣ್ಣು ಕೌಂಟರಿನ ಕೆಳಗಿದ್ದ ಒಂದು ಬಿಳಿ ಬಟ್ಟೆಯ ಚೀಲದ ಮೇಲೆ ಬಿತ್ತು. ಬಾಯಿ ಅರ್ಧ ಬಿಚ್ಚಿತ್ತು, ಒಳಗೆ ಕಂದು ಬಣ್ಣದ ದಪ್ಪ ರಸ್ಕುಗಳು. ತಪಾಸಣೆ ಮಾಡುವವನಿಗೆ ಕೇಳಿ ತೆಗೆದುಕೊಳ್ಳುವ ಅಭ್ಯಾಸವಿರುವುದಿಲ್ಲ. ಒಂದನ್ನು ಎತ್ತಿ ಬಾಯಿಗೆ ಹಾಕಿ ಕಡಿದೆ.

ಕಟಕ್ ಎಂದು ಸದ್ದಾಯಿತು. ರಸ್ಕು ಹಾಗೇ ಇತ್ತು. ದಾವಣಗೆರೆಯಲ್ಲಿ ಕಟ್ಟಿಸಿದ್ದ ಹಲ್ಲು ನನ್ನ ಅಂಗೈಗೆ ಬಂದಿತ್ತು.

"ಏನಮ್ಮ ಇದು?" ಎಂದು ಜೋರು ಮಾಡಿದೆ. "ರಸ್ಕೋ, ಕೋಟೆ ಕಲ್ಲೋ? ಜನ ತಿನ್ನೋದಾ ಇದನ್ನ?"

ಒಳಗಿಂದ ಬಂದ ಹೆಂಗಸಿಗೆ ಮೂವತ್ತೆಂಟರ ಆಸುಪಾಸು. ಮೊಳಕೈವರೆಗೆ ಹಿಟ್ಟು ಅಂಟಿತ್ತು. ಹಿಟ್ಟಿಲ್ಲದ ಕಡೆ ಹಳೇ ಸುಟ್ಟ ಗಾಯದ ಗೆರೆಗಳು. ಹೆದರುತ್ತಾಳೆ ಎಂದುಕೊಂಡಿದ್ದೆ. ಅವಳು ಮೊದಲು ನನ್ನ ಕೈಯ ರಸ್ಕು ನೋಡಿದಳು, ಆಮೇಲೆ ಹಲ್ಲು ನೋಡಿದಳು.

"ಅದು ನಿಮಗೆ ಮಾಡಿದ್ದಲ್ಲ ಸಾರ್. ಮಾರಕ್ಕೆ ಇಟ್ಟಿದ್ದೂ ಅಲ್ಲ," ಎಂದಳು. "ಹಲ್ಲು ಪೂರ್ತಿ ಸಿಕ್ತಾ?"

ಭಾಗ್ಯ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಟಿಕೆಟ್ ಇಲ್ಲದೆ ಸಿಕ್ಕಿಬಿದ್ದವನು ಹೇಗೆ ನಿಲ್ಲುತ್ತಾನೋ ಹಾಗೆ ನಾನು ನಿಂತಿದ್ದೆ. ಜಯಶೀಲಾ ಮಾತ್ರ ಅದನ್ನು ಬೆಳೆಸಲಿಲ್ಲ. "ಕುಂತ್ಕಳ್ರಿ," ಎಂದು ಸ್ಟೂಲು ಎಳೆದು, ಒಂದು ಲೋಟ ಟೀ, ಇನ್ನೊಂದು ರಸ್ಕು ತಂದು ಮುಂದಿಟ್ಟಳು. "ಇದನ್ನ ಕಡೀಬಾರ್ದು. ಅದ್ದಿ ಇಪ್ಪತ್ತು ಎಣಿಸ್ರಿ. ಆಮ್ಯಾಲೆ ತಿನ್ರಿ."

ಎಣಿಸಿದೆ. ಹುರಿದ ರಾಗಿಯ ಘಮ, ಎಲ್ಲೋ ಒಂದು ಓಂಕಾಳು, ಕೊನೆಗೆ ನಾಲಿಗೆಗೆ ತಾಗಿ ಹೋಗುವಷ್ಟೇ ಬೆಲ್ಲ. ಮೂರು ತಿಂದೆ. ಕೋಪ ಇನ್ನೂ ಇತ್ತು, ಅದನ್ನು ಯಾರ ಮೇಲೆ ಇಟ್ಟುಕೊಳ್ಳುವುದು ಎಂದು ಮಾತ್ರ ತಿಳಿಯಲಿಲ್ಲ.

"ರಂಗಯ್ಯ ನಿಮ್ಮ ಯಜಮಾನರೇನಮ್ಮ?" ಎಂದು ಭಾಗ್ಯ ಬೋರ್ಡಿನ ಕಡೆ ಕೈ ತೋರಿಸಿದಳು.

"ಅಲ್ಲ ಅಕ್ಕ, ನಮ್ಮಪ್ಪ. ನಮ್ಮನೆಯೋರು ಪ್ರಭುಲಿಂಗ ಅಂತ, ಲಗೇಜ್ ಆಟೋ ಓಡಿಸ್ತಾರೆ. ಈಗ ಹಿರಿಯೂರಿಗೆ ಬ್ರೆಡ್ ಹಾಕಕ್ಕೆ ಹೋಗಿದಾರೆ. ಬೋರ್ಡಿನಾಗೆ ಅಪ್ಪನ ಹೆಸರು ಇರ್ಲಿ ಅಂದೋರು ಅವರೇ. ಆದ್ರೆ ಅಪ್ಪಂಗೆ ಓದಕ್ಕೆ ಬರಲ್ಲ."

ಹಾಗೆ ಶುರುವಾದ ಮಾತು. ನಾನು ಕೇಳಿದ್ದನ್ನು ಕೇಳಿದಂತೆ ಬರೆಯುತ್ತಿದ್ದೇನೆ.

ಜಯಶೀಲಾ ಮಾಡದಕೆರೆ ಹೋಬಳಿಯ ಒಂದು ಹಟ್ಟಿಯವಳು. ಅಪ್ಪ ರಂಗಯ್ಯ ಕುರಿಗಾರ. ಏಳನೇ ಕ್ಲಾಸಿನವರೆಗೆ ಬೆಳಗ್ಗೆ ಸ್ಕೂಲು, ಸಂಜೆ ಕುರಿ. ಎಸ್‌ಎಸ್‌ಎಲ್‌ಸಿ ಮುಗಿಸಿದ ಮೇಲೆ ಮದುವೆಯಾಗಿ ಹೊಸದುರ್ಗಕ್ಕೆ ಬಂದಳು. ಹಾಸನದ ಕಡೆಯ ಯಜಮಾನರೊಬ್ಬರ ಬೇಕರಿಯಲ್ಲಿ ಬ್ರೆಡ್ ಪ್ಯಾಕ್ ಮಾಡುವ ಕೆಲಸ ಸಿಕ್ಕಿತು. ಒಂಬತ್ತು ವರ್ಷ ಹಿಂದಿನ ಕೋಣೆಯಲ್ಲಿದ್ದಳು. ಭಟ್ಟಿಯ ಕೆಲಸ ಹೆಂಗಸರಿಗಲ್ಲ ಎಂದು ಅಲ್ಲಿ ಯಾರೂ ಕಲಿಸಲಿಲ್ಲ. ಪ್ಯಾಕ್ ಮಾಡುತ್ತಲೇ ನೋಡಿ ಕಲಿತಳು. ಭಟ್ಟಿಯ ಬಾಯಿಗೆ ಕೈ ಒಡ್ಡಿ ಎಣಿಸುವುದು. ಹನ್ನೆರಡರವರೆಗೆ ಕೈ ತಾಳಿದರೆ ಬ್ರೆಡ್ಡಿನ ಶಾಖ, ಇಪ್ಪತ್ತೈದರವರೆಗೆ ತಾಳಿದರೆ ರಸ್ಕಿನ ಶಾಖ. ಮೊಳಕೈಯ ಗೆರೆಗಳೆಲ್ಲ ಆ ಪಾಠದವು. ಯಜಮಾನರಿಗೆ ವಯಸ್ಸಾಗಿ ಊರಿಗೆ ಹೊರಟಾಗ, ಭಟ್ಟಿ ಬೇಡ ಎಂದು ಅವರ ಗಂಡಾಳುಗಳೆಲ್ಲ ಹೇಳಿದರು. ಇವಳು ಬೇಕು ಎಂದಳು. ಅದಕ್ಕೆ ಈಗ ಐದು ವರ್ಷ.

"ಬೋರ್ಡಿಗೆ ಅಯ್ಯಂಗಾರ್ ಬೇಕರಿ ಅಂತ ಬರೆಸು, ಇಲ್ದಿದ್ರೆ ಯಾರೂ ಬರಲ್ಲ ಅಂದ್ರು ಎಲ್ರೂ," ಎಂದಳು. "ನಾನು ಬರೆಸ್ಲಿಲ್ಲ. ಹಿಟ್ಟು ನಾದದು ನಾನು, ಸುಟ್ಕಳ್ಳದು ನಾನು. ಹೆಸರು ಮಾತ್ರ ಇನ್ನೊಬ್ಬರದು ಯಾಕೆ ಸಾರ್?"

ಈ ಮಾತಿಗೆ ನನ್ನ ಹಲ್ಲಿನ ನೋವು ಕಡಿಮೆಯಾಯಿತು.

ಬೇಕರಿ ತೆರೆದ ವರ್ಷವೇ ಅವಳು ಒಂದು ತಪ್ಪು ಮಾಡಿದ್ದಳು. ಸಂಕ್ರಾಂತಿ ಕಳೆದ ಮೇಲೆ ರಂಗಯ್ಯನ ಮಂದೆ ಭದ್ರಾ ಕಾಲುವೆಯ ಕಡೆ ಹೊರಡುತ್ತದೆ. ಅಲ್ಲಿ ಭತ್ತ ಕೊಯ್ದ ಗದ್ದೆಗಳಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ತರುಬಿಸಿಕೊಳ್ಳಲು ರೈತರು ಕಾಯುತ್ತಿರುತ್ತಾರೆ. ಆರು ಜನ, ಮುನ್ನೂರು ಚಿಲ್ಲರೆ ಕುರಿ, ಹಾಲಿಗೆ ಒಂದಿಷ್ಟು ಆಡು, ಎರಡು ಕತ್ತೆ, ಎರಡು ನಾಯಿ, ಸುಮಾರು ಎರಡು ತಿಂಗಳು. ಮಗಳು ಸಂಭ್ರಮದಿಂದ ನಲವತ್ತು ಪೌಂಡ್ ಬ್ರೆಡ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಬಿಗಿಯಾಗಿ ಕಟ್ಟಿ, ಪೆಟ್ಟು ಬೀಳದಿರಲಿ ಎಂದು ಕಂಬಳಿಯಲ್ಲಿ ಸುತ್ತಿ ಕತ್ತೆಯ ಮೇಲೆ ಹೇರಿ ಕಳಿಸಿದಳು. ಕಂಬಳಿಯ ಕಾವು, ಪ್ಲಾಸ್ಟಿಕ್ಕಿನ ಬೆವರು. ನಾಲ್ಕನೇ ದಿನ ಬಿಚ್ಚಿದರೆ ಬ್ರೆಡ್ಡಿಗೆಲ್ಲ ಹಸಿರು ಬೂಷ್ಟು ಹಿಡಿದಿತ್ತು. ನಾಯಿಗೆ ಹಾಕಿದರು. ನಾಯಿಯೂ ಮೂಸಿ ಬಿಟ್ಟಿತಂತೆ.

ಊರಿಗೆ ಬಂದ ಮೇಲೆ ರಂಗಯ್ಯ ಬೈಯಲಿಲ್ಲ. ಒಂದೇ ಮಾತು ಹೇಳಿದ. "ಬ್ರೆಡ್ಡು ಬನ್ನು ಎಲ್ಲ ಜ್ವರ ಬಂದೋರ ಊಟ ಕಣವ್ವ. ನಮಗ್ಯಾಕೆ." ನಮ್ಮ ಕಡೆ ಈ ಮಾತಿನಲ್ಲಿ ಸುಳ್ಳಿಲ್ಲ. ಆಸ್ಪತ್ರೆಗೆ ಯಾರನ್ನಾದರೂ ನೋಡಲು ಹೋಗುವಾಗಲೇ ಹಳ್ಳಿಯ ಜನ ಬೇಕರಿ ಮೆಟ್ಟಿಲು ಹತ್ತುತ್ತಿದ್ದದ್ದು. ಆದರೆ ಆ ಮಾತು ಮಗಳಿಗೆ ಭಟ್ಟಿಗಿಂತ ಜೋರಾಗಿ ಸುಟ್ಟಿತು. ಅಂದಿನಿಂದ ಅವನು ಹೊಸದುರ್ಗದ ಸಂತೆಗೆ ಬಂದರೆ ಅಂಗಡಿಯ ಮುಂದೆ ನಿಂತು ನೀರು ಕುಡಿದು ಹೋಗುತ್ತಿದ್ದ. ಒಂದು ಬಿಸ್ಕತ್ತನ್ನೂ ಬಾಯಿಗೆ ಹಾಕುತ್ತಿರಲಿಲ್ಲ.

"ಬಿಟ್ಟು ಬಿಡಬಹುದಿತ್ತಲ್ಲಮ್ಮ," ಎಂದಳು ಭಾಗ್ಯ.

"ಬಿಡ್ತಿದ್ದೆ ಅಕ್ಕ. ಮರುವರ್ಷ ಅವರು ದಾರೀಲಿದ್ದಾಗ ಅಕಾಲ ಮಳೆ ಹಿಡೀತು. ಮೂರು ದಿನ ಸೌದೆ ಹತ್ತಲಿಲ್ಲ, ಮುದ್ದೆ ಬೇಯಿಸಕ್ಕಾಗಲಿಲ್ಲ. ಹಸಿ ರಾಗಿ ಹಿಟ್ಟಿಗೆ ನೀರು ಬೆಲ್ಲ ಕಲಸ್ಕಂಡು ತಿಂದಿದಾರೆ. ಅಪ್ಪ ಹೇಳಲಿಲ್ಲ. ಜೊತೆಗಿರೋ ಚಿತ್ತಯ್ಯ ಮಾವ ಹೇಳಿದ. ನಾನು ಇಲ್ಲಿ ದಿನಾ ಊರಿಗೆಲ್ಲ ತಿಂಡಿ ಸುಡ್ತೀನಿ, ನಮ್ಮಪ್ಪ ಅಲ್ಲಿ ಹಸಿ ಹಿಟ್ಟು ತಿಂತಾನೆ ಅಂದ್ರೆ ಏನು ಬಂತು?"

ಅಲ್ಲಿಂದ ಅವಳ ಪ್ರಯೋಗ ಶುರು. ಬ್ರೆಡ್ಡು ಉಳಿಯುವುದಿಲ್ಲ, ರಸ್ಕು ಉಳಿಯುತ್ತದೆ. ಆದರೆ ಅಂಗಡಿ ರಸ್ಕು ಕತ್ತೆಯ ಮೇಲೆ ಪುಡಿಯಾಗುತ್ತದೆ. ಮೊದಲ ಸಲ ಹೊಸದುರ್ಗದ ಹೆಮ್ಮೆ ಎಂದು ಕೊಬ್ಬರಿ ಹಾಕಿದಳು. ಹನ್ನೆರಡು ದಿನಕ್ಕೆ ಕಮಟು ವಾಸನೆ. ಡಾಲ್ಡಾ ಹಾಕಿದರೂ ಅದೇ ಪಾಡು. ಬೆಲ್ಲ ಹೆಚ್ಚಾದರೆ ತೇವ ಎಳೆದುಕೊಂಡು ಮೆತ್ತಗಾಯಿತು. ಕೊನೆಗೆ ಎಣ್ಣೆ ಜಿಡ್ಡು ಎಲ್ಲ ಬಿಟ್ಟು, ಅರ್ಧ ಹುರಿದ ರಾಗಿ ಹಿಟ್ಟು, ಅರ್ಧ ಮೈದಾ, ಉಪ್ಪು, ಓಂಕಾಳು, ಒಂದಿಷ್ಟೇ ಬೆಲ್ಲ. ಬ್ರೆಡ್ಡು ಬೇಯಿಸಿ, ಒಂದು ದಿನ ಆರಿಸಿ, ದಪ್ಪಗೆ ಕೊಯ್ದು, ಆರುತ್ತಿರುವ ಭಟ್ಟಿಯಲ್ಲಿ ಬೆಳಗಿನವರೆಗೆ ಒಣಗಿಸುವುದು. ಪ್ಲಾಸ್ಟಿಕ್ ಬೇಡ, ಬಟ್ಟೆ ಚೀಲ. ಪರೀಕ್ಷೆಗೆ ಅಪ್ಪನ ಹಳೇ ಕಂಬಳಿಯೊಂದನ್ನು ತಂದು, ಅದಕ್ಕೆ ನೀರು ಚಿಮುಕಿಸಿ, ರಸ್ಕಿನ ಚೀಲ ಸುತ್ತಿ, ಚಾವಣಿಯ ಮೇಲೆ ಬಿಸಿಲಿಗೆ ಬಿಟ್ಟಳು. ಹದಿನಾರು ಸಲ ಕೆಟ್ಟಿತು. ಹದಿನೇಳನೇ ಸಲ ಅರವತ್ತು ದಿನ ತಾಳಿತು.

ಈ ಸಂಕ್ರಾಂತಿ ಕಳೆದು ಮಂದೆ ಹೊರಟಾಗ ಅವಳು ನಾಲ್ಕು ಚೀಲ ರಸ್ಕು ಕೊಟ್ಟಳು. ಅಪ್ಪನ ಕೈಗಲ್ಲ. ಅಪ್ಪನ ಮುಂದೆ ಹಿಡಿಯುವ ಧೈರ್ಯವಾಗದೆ ಚಿತ್ತಯ್ಯನ ಕೈಗೆ ಕೊಟ್ಟಿದ್ದಳು. ನನ್ನ ಹಲ್ಲು ಕಿತ್ತದ್ದು ಅದೇ ಬೇಯಿಕೆಯಲ್ಲಿ ಎಷ್ಟು ದಿನ ತಾಳುತ್ತದೆ ನೋಡಲೆಂದು ಅವಳು ಉಳಿಸಿಕೊಂಡ ಐದನೇ ಚೀಲ.

"ಫೋನ್ ಮಾಡಿ ಕೇಳಿಲ್ವೇನಮ್ಮ?" ಎಂದೆ.

"ಎಲ್ಲಿದೀಯಪ್ಪ ಅಂತ ಕೇಳ್ತೀನಿ. ರಸ್ಕಿನ ಮಾತು ನಾನು ಎತ್ತಿಲ್ಲ, ಅಪ್ಪಾನೂ ಎತ್ತಿಲ್ಲ. ಇವತ್ತಿಗೆ ಐವತ್ತೆರಡು ದಿನ. ಬೆಳಗ್ಗೆ ಚಿತ್ತಯ್ಯ ಮಾವ ಫೋನ್ ಮಾಡಿದ್ದ. ಮಾಡದಕೆರೆ ಹತ್ರ ಕೆರೆ ಅಂಗಳದಾಗೆ ಮಧ್ಯಾಹ್ನದವರೆಗೆ ಇರ್ತೀವಿ, ಆಮ್ಯಾಲೆ ಹಟ್ಟಿಗೆ ಅಂದ. ಹಟ್ಟಿ ಸೇರಿದ್ರೆ ಎಲ್ರೂ ಸುತ್ತ ಸೇರ್ತಾರೆ. ಎಲ್ರ ಮುಂದೆ ಮಗಳ ಮರ್ಯಾದೆ ಉಳೀಲಿ ಅಂತ ಅಪ್ಪ ಚೆನ್ನಾಗಿತ್ತು ಅಂತಾನೆ. ನಂಗೆ ಅದು ಬ್ಯಾಡ. ಅವರು ಹಟ್ಟಿ ಸೇರೋಕೆ ಮುಂಚೆ ನಾನೇ ಕಣ್ಣಾರೆ ನೋಡಬೇಕು. ಅಪ್ಪ ತಿಂದನೋ, ನಾಯಿಗೆ ಹಾಕಿದನೋ. ಹತ್ತೂವರೆ ಬಸ್ಸಿಗೆ ಹೋಗಾಣ ಅಂತಿದೀನಿ."

ಇಲ್ಲಿ ನನ್ನ ಇಲಾಖೆ ಬಂತು. "ಹತ್ತೂವರೆ ಬಸ್ಸು ಭಾನುವಾರ ಓಡಲ್ಲ," ಎಂದೆ. "ಇವತ್ತು ಭಾನುವಾರ. ಮುಂದಿನದು ಎರಡು ಗಂಟೆಗೆ."

ಅವಳ ಮುಖ ಇಳಿದದ್ದನ್ನು ಭಾಗ್ಯ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಮೂವತ್ತೈದು ವರ್ಷದ ಸಂಸಾರದಲ್ಲಿ ಆ ನೋಟದ ಅರ್ಥ ನನಗೆ ಚೆನ್ನಾಗಿ ಗೊತ್ತು. ಕಾರಿನ ಕೀ ತೆಗೆದುಕೊಂಡು ಎದ್ದೆ. ವಾಣಿವಿಲಾಸ ಸಾಗರ ಎಲ್ಲಿಗೂ ಓಡಿಹೋಗುವುದಿಲ್ಲ.

ಒಳಗೆ ಬ್ರೆಡ್ ಪ್ಯಾಕ್ ಮಾಡುತ್ತಿದ್ದ ಮಲ್ಲಕ್ಕನನ್ನು ಕೌಂಟರಿಗೆ ಕೂರಿಸಿ, ಕೈ ತೊಳೆದು, ನಾಲ್ಕು ರಸ್ಕನ್ನು ಕಾಗದದಲ್ಲಿ ಸುತ್ತಿಕೊಂಡು ಜಯಶೀಲಾ ಹಿಂದಿನ ಸೀಟಿನಲ್ಲಿ ಕೂತಳು. ತೆಂಗಿನ ತೋಟಗಳು ಮುಗಿದು ಬಯಲು ಶುರುವಾಯಿತು.

"ಆ ರಸ್ಕು ಯಾಕಮ್ಮ ಮತ್ತೆ? ಅವರ ಹತ್ರ ಇರಲ್ವಾ?" ಎಂದೆ.

"ಇದು ನಾಯಿಗೆ ಸಾರ್. ಚೀಲ ಖಾಲಿ ಆಗಿದ್ರೆ ಏನು ಗೊತ್ತಾಗುತ್ತೆ? ತಿಂದಿರಬಹುದು, ಚೆಲ್ಲಿರಬಹುದು. ನಮ್ಮ ಮಂದೆ ನಾಯಿ ಕೆಂಚ ಗೊತ್ತಿಲ್ದೆ ಇರೋದನ್ನ ಮೂಸಿ ದೂರ ಹೋಗುತ್ತೆ. ಇದನ್ನ ತೋರಿಸಿದಾಗ ಅದು ಬಾಲ ಅಲ್ಲಾಡಿಸ್ಕಂಡು ಬಂತು ಅಂದ್ರೆ, ರಸ್ಕೆಲ್ಲ ಅದರ ಹೊಟ್ಟೆಗೆ ಹೋಗೈತೆ ಅಂತ. ಮನುಷ್ಯರು ಮನಸ್ಸು ನೋಯಬಾರ್ದು ಅಂತ ಏನಾದ್ರೂ ಹೇಳ್ತಾರೆ. ನಾಯಿ ಹೇಳಲ್ಲ."

ನಾನು ಕನ್ನಡಿಯಲ್ಲಿ ಅವಳನ್ನು ನೋಡಿದೆ. ಇವಳೂ ನನ್ನ ಇಲಾಖೆಯವಳೇ. ಪ್ರಯಾಣಿಕರ ಬಾಯಿಮಾತು ನಂಬದೆ ಟಿಕೆಟ್ಟಿನ ತೂತು ನೋಡುವವಳು. ಒಂದು ಗಂಟೆಯ ಹಿಂದೆ ನನಗೆ ಅವಳ ಮೇಲೆ ಕೋಪವಿತ್ತು ಎಂಬುದು ಆಗಲೇ ಮರೆತುಹೋಗಿತ್ತು.

ಕೆರೆ ಬತ್ತಿ ಅಂಗಳದಲ್ಲಿ ಹುಲ್ಲು ಮೊಣಕಾಲುದ್ದ ನಿಂತಿತ್ತು. ಹೊಂಗೆ ಮರಗಳ ನೆರಳಿನಲ್ಲಿ ಕುರಿಗಳು ಒಂದರ ಹೊಟ್ಟೆಗೆ ಇನ್ನೊಂದು ತಲೆ ಇಟ್ಟು ನಿಂತಿದ್ದವು. ಕತ್ತೆಗಳ ಹೇರು ಇಳಿಸಿತ್ತು. ತೆಳ್ಳನೆಯ ಎತ್ತರದ ಮುದುಕ, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು, ನಮ್ಮ ಕಾರನ್ನು ನೋಡುತ್ತ ಎದ್ದು ನಿಂತ.

"ಏನವ್ವ, ನೀನ್ಯಾಕೆ ಬಂದೆ? ಮನೆ ಕಡೆ ಎಲ್ಲ ಚೆನ್ನಾಗಿದಾರಾ?" ಎಂದ.

"ಚೆನ್ನಾಗಿದಾರಪ್ಪ. ಸುಮ್ನೆ ಬಂದೆ."

ರಂಗಯ್ಯ ಹೆಗಲ ಕಂಬಳಿ ತೆಗೆದು ನೆಲಕ್ಕೆ ಹಾಸಿದ. "ಬರ್ರಿ, ಕುಂತ್ಕಳ್ರಿ," ಎಂದು ನಮ್ಮಿಬ್ಬರಿಗೆ ಹೇಳಿ, ತಾನು ಮಣ್ಣಿನ ಮೇಲೆ ಕುಕ್ಕರುಗಾಲಿನಲ್ಲಿ ಕೂತ. ರಸ್ಕಿನ ಮಾತಿಲ್ಲ. ಯಾವ ಊರಿನಲ್ಲಿ ಎಷ್ಟು ದಿನ ತರುಬಿದರು, ಎಷ್ಟು ಮರಿ ಹುಟ್ಟಿದವು, ಎಲ್ಲ ಹೇಳಿದ. ಅವನ ಬೆನ್ನ ಹಿಂದೆ ಕತ್ತೆಯ ಹೇರಿನ ಮೇಲೆ ನಾಲ್ಕು ಬಿಳಿ ಚೀಲ ಮಡಿಸಿಟ್ಟಿದ್ದವು. ನಾಲ್ಕೂ ಖಾಲಿ. ಜಯಶೀಲಾ ಅವನ್ನು ನೋಡಿದಳು, ನಾನೂ ನೋಡಿದೆ.

ಅವಳು ಎದ್ದು ಹತ್ತು ಹೆಜ್ಜೆ ಆಚೆ ಹೋಗಿ ಕಾಗದ ಬಿಚ್ಚಿ ಒಂದು ರಸ್ಕು ತೆಗೆದು ಕೈಯಲ್ಲಿ ಹಿಡಿದಳು. ಕುರಿಗಳ ನಡುವೆ ಮಲಗಿದ್ದ ಕೆಂಪು ನಾಯಿ ತಲೆ ಎತ್ತಿತು. ಮೂಗು ಆಡಿಸಿತು. ಎದ್ದು ನೇರವಾಗಿ ಅವಳ ಹತ್ತಿರ ಬಂದು, ಕೂತು, ಬಾಲದಿಂದ ನೆಲ ಗುಡಿಸುತ್ತ ಅವಳ ಕೈಯನ್ನೇ ನೋಡತೊಡಗಿತು.

ಜಯಶೀಲಾ ಕೈ ಇಳಿಸಿದಳು. ನಮ್ಮ ಕಡೆ ತಿರುಗಲಿಲ್ಲ. ಭಾಗ್ಯ ನನ್ನ ತೋಳು ಗಟ್ಟಿಯಾಗಿ ಹಿಡಿದಳು. ನಾಲ್ಕು ವರ್ಷ, ಹದಿನೇಳು ಸಲ ಎಂದು ನನ್ನ ತಲೆಯಲ್ಲಿ ಓಡಿ, ಹಳೇ ಸಿಟ್ಟು ನೆತ್ತಿಗೇರಿತು. ಇನ್ನೊಬ್ಬರ ಮನೆ ವಿಷಯ ಎಂದು ಸುಮ್ಮನಿರುವ ಗುಣ ನನಗೆ ಯಾವತ್ತೂ ಇರಲಿಲ್ಲ.

"ಯಜಮಾನ್ರೆ, ಒಂದು ಮಾತು," ಎಂದೆ. "ಮಗಳು ಕೊಟ್ಟ ರಸ್ಕನ್ನ ನಾಯಿಗೆ ಹಾಕಿದ್ರಾ?"

ರಂಗಯ್ಯ ಕೋಲಿನ ತುದಿಯಿಂದ ನೆಲ ಕೆದಕಿದ. ಆಗ ಮರದ ಆಚೆಯಿಂದ ಆಡಿನ ಹಾಲಿನ ತಂಬಿಗೆ ಹಿಡಿದು ಬರುತ್ತಿದ್ದ ಇನ್ನೊಬ್ಬ ಮುದುಕ ಗಹಗಹಿಸಿ ನಗುವುದಕ್ಕೆ ಶುರುಮಾಡಿದ. ಅವನೇ ಚಿತ್ತಯ್ಯ.

"ನಾಯಿಗೆ ಹಾಕದಾ?" ಎಂದ. "ನಲವತ್ತನೇ ದಿನ ಇರಬೇಕು ಸ್ವಾಮಿ. ಆ ಕೆಂಚ ಚೀಲಕ್ಕೆ ಬಾಯಿ ಹಾಕಿ ಒಂದು ರಸ್ಕು ಕಚ್ಕಂಡು ಓಡ್ತು. ಈ ರಂಗಣ್ಣ ಕೋಲು ಹಿಡ್ಕಂಡು ಹಿಂದೆ ಬಿದ್ದ ನೋಡ್ರಿ. ಎರಡು ಗದ್ದೆ, ಒಂದು ಕಾಲುವೆ ದಾಟಿ ಅಟ್ಟಿಸ್ಕಂಡು ಹೋದ. ಹೋದ್ವರ್ಷ ತೋಳ ಮರಿ ಎತ್ಕಂಡು ಹೋದಾಗ್ಲೂ ಇವನು ಇಷ್ಟು ಓಡಿರ್ಲಿಲ್ಲ. ಗದ್ದೆ ರೈತರೆಲ್ಲ ನಿಂತ್ಕಂಡು ನಗಾಡಿದ್ರು."

"ಸಿಕ್ತಾ?" ಎಂದಳು ಭಾಗ್ಯ.

"ಅರ್ಧ ಸಿಕ್ತು. ಒರೆಸ್ಕಂಡು ತಿಂದ."

ಭಾಗ್ಯ ಜೋರಾಗಿ ನಕ್ಕಳು. ನಾನೂ ನಕ್ಕೆ, ಇಲ್ಲದ ಹಲ್ಲಿನ ಜಾಗ ಎಲ್ಲರಿಗೂ ಕಾಣುವಂತೆ. ಜಯಶೀಲಾ ತಿರುಗಿ ಅಪ್ಪನನ್ನೇ ನೋಡುತ್ತ ನಿಂತಿದ್ದಳು. ಕಣ್ಣಲ್ಲಿ ನೀರಿತ್ತು, ಒರೆಸಿಕೊಳ್ಳಲಿಲ್ಲ. ಕೆಂಚ ಈ ಅವಕಾಶ ನೋಡಿ ಅವಳ ಇಳಿದ ಕೈಯಿಂದ ರಸ್ಕು ಮೆಲ್ಲಗೆ ಎಳೆದುಕೊಂಡು ಹೋಯಿತು. ಈ ಸಲ ಯಾರೂ ಅಟ್ಟಲಿಲ್ಲ.

ಚಿತ್ತಯ್ಯ ಇನ್ನೂ ಹೇಳುತ್ತಿದ್ದ. ರಸ್ಕಿನ ಚೀಲವನ್ನು ರಂಗಣ್ಣ ಯಾರ ಕೈಗೂ ಕೊಡುತ್ತಿರಲಿಲ್ಲ, ಮಲಗುವಾಗ ತಲೆದಿಂಬು ಮಾಡಿಕೊಳ್ಳುತ್ತಿದ್ದ. ಬೆಳಗ್ಗೆ ಹಾಲು ಕರೆದ ಮೇಲೆ ತಲೆಗೆ ಎರಡು ಎಂದು ತಾನೇ ಹಂಚುತ್ತಿದ್ದ. ನಡಿಗೆಯ ದಿನ ಒಲೆ ಹೂಡುವ ಗೋಜೇ ಇರಲಿಲ್ಲ. ದಾರಿಯಲ್ಲಿ ಬೇರೆ ಮಂದೆಯವರು ಎದುರಾದರೆ ಕರೆದು ಕೂರಿಸಿ ಒಂದೊಂದು ತುಂಡು ಕೊಟ್ಟು, ಅವರು ತಿನ್ನುವುದನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದ.

"ಸಾಕು ಬಿಡಪ್ಪ," ಎಂದ ರಂಗಯ್ಯ. ಮಗಳ ಕಡೆ ನೋಡದೆ ಸೊಂಟದ ಗಂಟು ಬಿಚ್ಚಿ, ಕರಿ ಉಣ್ಣೆಯ ದಾರವೊಂದನ್ನು ತೆಗೆದು ಅವಳ ಕಡೆ ಚಾಚಿದ. ಕುರಿ ಮೇಯಿಸುತ್ತ ತಾನೇ ಹೊಸೆದ ದಾರ. ಉದ್ದಕ್ಕೂ ಗಂಟುಗಳಿದ್ದವು.

"ಏನಪ್ಪ ಇದು?"

"ಬರೆಯಕ್ಕೆ ನಂಗೆ ಬರಲ್ವಲ್ಲ. ಒಂದೊಂದು ಗಂಟು ಒಂದೊಂದು ಮಂದೆ. ನಮ್ಮ ಹಿರಿಯೂರು ಕಡೇವು ಅವೆ, ಚಳ್ಳಕೆರೆ ಕಡೇವು ಅವೆ, ಜಗಳೂರಿನವೂ ಅವೆ. ತಿಂದು ನೋಡಿದ್ರು, ಎಲ್ಲಿ ಸಿಗುತ್ತೆ ಅಂದ್ರು. ನಮ್ಮ ಹುಡುಗಿ ಮಾಡ್ತಾಳೆ, ಹೊಸದುರ್ಗದಾಗೆ ಅವಳ ಹೆಸರಿನಾಗೇ ಅಂಗಡಿ ಐತೆ ಅಂದೆ. ಮುಂದಿನ ಸಂಕ್ರಾಂತಿಗೆ ಇಷ್ಟು ಮಂದೆಗೂ ಬೇಕಂತೆ. ನಾನು ಆಯ್ತು ಅಂದುಬಿಟ್ಟಿದೀನಿ. ಇಪ್ಪತ್ಮೂರು ಮಂದೆ. ನಿನ್ನ ಭಟ್ಟಿ ತಡೀತದಾ?"

"ತಡೀತದೆ," ಎಂದಳು. ಆಮೇಲೆ, ನಾಲ್ಕು ವರ್ಷದಿಂದ ಒಳಗಿಟ್ಟುಕೊಂಡಿದ್ದ ಮಾತು ನಗುತ್ತಲೇ ಹೊರಗೆ ಬಂತು. "ಜ್ವರ ಬಂದೋರ ಊಟ ಅಂದಿದ್ದಿ."

ರಂಗಯ್ಯ ಮೊದಲ ಸಲ ಮಗಳ ಮುಖ ನೋಡಿದ.

"ಐವತ್ತೆರಡು ದಿನದಾಗೆ ನಂಗೆ ಒಂದಿನಾನೂ ಜ್ವರ ಬಂದಿಲ್ಲ ಕಣವ್ವ," ಎಂದ. "ದಿನಾ ತಿಂದೆ."

ಈ ರಸ್ತೆಗಳಲ್ಲಿ ಮೂವತ್ತೊಂದು ವರ್ಷ ಓಡಾಡುವಾಗ ಎಷ್ಟೋ ಸಲ ಮಂದೆಗಳು ಬಸ್ಸಿಗೆ ಅಡ್ಡ ಬಂದಿವೆ, ಟೈಮ್ ಹಾಳಾಯಿತು ಎಂದು ನಾನು ಕಿಟಕಿಯಿಂದ ತಲೆ ಹಾಕಿ ಬೈದಿದ್ದೇನೆ. ಆ ಮಂದೆಗಳ ಹಿಂದೆ ಇಂಥ ಅಪ್ಪ, ಇಂಥ ಮಗಳು ನಮ್ಮ ಜಿಲ್ಲೆಯಲ್ಲಿದ್ದರು ಎಂದು ಈಗ ತಿಳಿಯಿತು. ಹೆಮ್ಮೆಯಾಯಿತು. ನಾನೇನೂ ಮಾಡಿರಲಿಲ್ಲ, ಆದರೂ ಆಯಿತು.

ಚಿತ್ತಯ್ಯ ಆಡಿನ ಹಾಲನ್ನು ಲೋಟಕ್ಕೆ ಸುರಿದ. ಉಳಿದ ಮೂರು ರಸ್ಕನ್ನು ಮುರಿದು ಎಲ್ಲರೂ ಹಂಚಿಕೊಂಡೆವು. ಅದ್ದಿ, ಇಪ್ಪತ್ತು ಎಣಿಸಿ ತಿಂದೆ. ಜಯಶೀಲಾ ತಿನ್ನಲಿಲ್ಲ. ಕಂಬಳಿಯ ತುದಿಯಲ್ಲಿ ಕೂತು, ಭಟ್ಟಿಗೆ ಕೈ ಒಡ್ಡಿ ಎಣಿಸುವಷ್ಟೇ ನಿಧಾನವಾಗಿ ಆ ದಾರದ ಗಂಟುಗಳನ್ನು ಬೆರಳಿನಿಂದ ಎಣಿಸುತ್ತಿದ್ದಳು. ಕೊನೆಗೆ ಮುಟ್ಟಿ, ಮತ್ತೆ ಮೊದಲಿನಿಂದ ಎಣಿಸಿದಳು.

"ಅಪ್ಪ, ಇಪ್ಪತ್ಮೂರು ಮಂದೆ ಅಂದೆ. ಇಲ್ಲಿ ಇಪ್ಪತ್ನಾಲ್ಕು ಗಂಟು ಐತೆ. ಮೊದಲನೇದು ಯಾರದು?"

ರಂಗಯ್ಯ ಕೋಲು ಊರಿ ಎದ್ದ. ಬಿಸಿಲು ಇಳಿಯುವ ಮುಂಚೆ ಮಂದೆ ಎಬ್ಬಿಸಬೇಕಿತ್ತು.

"ಅದು ನಂದು," ಎಂದು ಹೇಳಿ ಕುರಿಗಳ ಕಡೆ ನಡೆದ.

ಅವಳು ದಾರವನ್ನು ನನ್ನ ಕೈಗೆ ಕೊಟ್ಟಳು. ಹಳೇ ಅಭ್ಯಾಸ, ನಾನೂ ಒಂದೊಂದಾಗಿ ಮುಟ್ಟಿ ನೋಡಿದೆ. ಇಪ್ಪತ್ನಾಲ್ಕೇ. ಮೊದಲನೆಯದನ್ನು ಅವನು ಎಲ್ಲಕ್ಕಿಂತ ಬಿಗಿಯಾಗಿ ಹಾಕಿದ್ದ.